ಉಡಿಯಲ್ಲಿಟ್ಟ ಕುಡಿಕೆ

"ಯವ್ವಾ, ಆ ಕುಡಿಕಿ ಕೆಳಗರ ಇಡು, ಮ್ಯಾಲರ ಇಡು. ಇಷ್ಟ ಮಂದಿ ನಿಂತಾರ, ಯಾರದರ ಮೊಣಕೈ ಬಡದು ಚೆಲ್ಲಿದ್ರ ಮತ್ತ ನನ್ನ ಬೈಬ್ಯಾಡ," ಅಂದ ಕಂಡಕ್ಟರ್.

ಶಿವಬಸವ್ವ ಉಡಿಯಲ್ಲಿದ್ದ ಮಣ್ಣಿನ ಕುಡಿಕೆಯನ್ನು ಇನ್ನಷ್ಟು ಹೊಟ್ಟೆಗೆ ಒತ್ತಿಕೊಂಡಳು. "ಚೆಲ್ಲೂದಿಲ್ಲ ತಮ್ಮಾ. ನೀ ನಿನ್ನ ಟಿಕೀಟ ಹರಿ."

"ತುಪ್ಪೇನು?"

"ಹೆಪ್ಪು," ಎಂದವಳು ಕಿಟಕಿಗೆ ಒರಗಿ ಕೂತಿದ್ದ ಅವಳ ಅತ್ತೆ ಸಾವಿತ್ರೆವ್ವ. ಹಲ್ಲೆಲ್ಲ ಹೋಗಿದ್ದರೂ ದನಿ ಹೋಗಿರಲಿಲ್ಲ. "ಬಾಗಲಕೋಟಿ ಸಾವಿತ್ರೆವ್ವನ ಖಾನಾವಳಿ ಹೆಪ್ಪು. ಎಂದರ ಉಂಡೀಯೇನ ಅಲ್ಲಿ?"

"ಉಂಡೇನೇನ ಅಂತ ಕೇಳ್ತೀಯಲ್ಲ ಆಯಿ! ಬಾಗಲಕೋಟಿ ಮುಕ್ಕಾಂ ಬಿದ್ದಾಗೆಲ್ಲಾ ಅಲ್ಲೇ ನಂದು. ಹಂಗಾರ ಹಿಡಕೊಂಡs ಕುಂದರ್ರಿ. ಆದ್ರ ಇಳಕಲ್ಲಿಗೆ ಯಾಕ ಇಲ್ಲಿಂದ ಹೆಪ್ಪು? ಅಲ್ಲಿ ಎಮ್ಮಿ ಹಿಂಡೂದಿಲ್ಲೇನು?"

ಸುತ್ತಲಿದ್ದವರು ನಕ್ಕರು. ಸಾವಿತ್ರೆವ್ವನೂ ಬೊಚ್ಚುಬಾಯಿ ತೆರೆದು ನಕ್ಕಳು. ಶಿವಬಸವ್ವ ನಗಲಿಲ್ಲ. ಕುಡಿಕೆಗೆ ಸುತ್ತಿದ್ದ ಒದ್ದೆಬಟ್ಟೆಯ ಕೆಳಗೆ ಅಂಗೈ ತೂರಿಸಿ ಮುಟ್ಟಿ ನೋಡಿದಳು. ತಣ್ಣಗಿತ್ತು. ಬಸ್ಸು ಹತ್ತಿದಾಗಿನಿಂದ ಹೀಗೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಶಿರೂರು ಹಿಂದೆ ಬಿದ್ದಿತ್ತು. ಹೊರಗೆ ಬಸವ ಜಯಂತಿಯ ಮುನ್ನಾದಿನದ ಬಿಸಿಲು ಎರೆಹೊಲಗಳ ಮೇಲೆ ಕಾದ ಕಾವಲಿಯ ಹಾಗೆ ಕೂತಿತ್ತು. ಬಟ್ಟೆ ಆರುತ್ತಿದೆ ಅನ್ನಿಸಿದಾಗೆಲ್ಲ ತಂಬಿಗೆಯಿಂದ ನಾಲ್ಕು ಹನಿ ನೀರು ಚಿಮುಕಿಸುತ್ತಿದ್ದಳು.

ಈ ಹೆಪ್ಪನ್ನು ಯಾರೂ ಕೇಳಿರಲಿಲ್ಲ. ಇಳಕಲ್ಲಿನಲ್ಲಿ ಮೈದುನ ಹೊಳಬಸಪ್ಪ ತನ್ನ ಖಾನಾವಳಿಗೆ ಹೊಸ ಊಟದ ಪಡಸಾಲೆ ಕಟ್ಟಿಸಿದ್ದ. ನಾಳೆ ಅಲ್ಲಿ ಮೊದಲ ಪಂಕ್ತಿ. "ಅವ್ವ ಬರಬೇಕು, ವೈನಿ ಬರಬೇಕು" ಎಂದು ಹೇಳಿ ಕಳಿಸಿದ್ದನೇ ಹೊರತು ಹೆಪ್ಪು ತನ್ನಿ ಎಂದಿರಲಿಲ್ಲ. ಕೇಳದವರ ಮನೆಗೆ ಹೆಪ್ಪು ಒಯ್ಯಬಾರದು, ಕೇಳಿ ಬಂದವರಿಗೆ ಇಲ್ಲ ಅನ್ನಬಾರದು ಎಂಬುದು ಸಾವಿತ್ರೆವ್ವನ ಮನೆಯ ಕಟ್ಟಳೆ. ಅದರಲ್ಲಿ ಎರಡನೆಯದನ್ನು ಶಿವಬಸವ್ವ ಒಮ್ಮೆ ಮುರಿದಿದ್ದಳು, ಮುರಿದದ್ದು ಯಾರ ಕಣ್ಣಿಗೂ ಬೀಳದ ಹಾಗೆ. ಇವತ್ತು ಮೊದಲನೆಯದನ್ನೂ ಮುರಿಯಲು ಹೊರಟಿದ್ದಳು.

ಆ ಮನೆಯಲ್ಲಿ ಹೆಪ್ಪೆಂದರೆ ಬರೀ ಹುಳಿಯಲ್ಲ. ಗಂಡ ಸತ್ತಾಗ ಸಾವಿತ್ರೆವ್ವ ಎರಡು ಸಣ್ಣ ಹುಡುಗರನ್ನು ಕಟ್ಟಿಕೊಂಡು ತವರು ಶಿರೂರಿನಿಂದ ಬಾಗಲಕೋಟೆಗೆ ಬಂದವಳು. ತಾಯಿ ಕೊಟ್ಟ ಹೆಪ್ಪಿನ ಕುಡಿಕೆ ಉಡಿಯಲ್ಲಿತ್ತು, ತಲೆಯ ಮೇಲೆ ರೊಟ್ಟಿ ಬಡಿಯುವ ಕಟ್ಟಿಗೆಯ ಕೊಣಮಿಗೆ. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು, ಹತ್ತಿ ಮಾರಲು ಬಂದವರಿಗೆ, ಕೋರ್ಟಿನ ತಾರೀಖಿಗೆ ಬಂದವರಿಗೆ ರೊಟ್ಟಿ ಬಡಿದು ಹಾಕತೊಡಗಿದಳು. ಬಿಸಿ ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿ, ಕೊನೆಗೆ ಗಟ್ಟಿ ಮೊಸರು. ಚಮಚ ನಿಲ್ಲಿಸಿದರೆ ಬೀಳದ ಮೊಸರು. ಮಂದಿ ಅದಕ್ಕೇ ಬಂದರು. ಖೋಲಿ ಎರಡಾಯಿತು, ಮುಂದೆ ಪಡಸಾಲೆ ಬಂತು, ಬಾಗಿಲ ಮೇಲೆ ಹೆಸರಿನ ಫಲಕ ಬಂತು. "ಒಲಿ ಆರಿದ್ರ ಮತ್ತ ಹಚ್ಚಬಹುದು, ಹೆಪ್ಪು ಸತ್ತರ ಮನಿ ಸತ್ತಂಗ" ಎಂದು ಸಾವಿತ್ರೆವ್ವ ಸೊಸೆಯರಿಗೆ ಹೇಳುತ್ತಿದ್ದಳು.

ಸೊಸೆಯರು ಇಬ್ಬರು. ಹಿರಿಯ ಮಗ ಈರಪ್ಪನ ಹೆಂಡತಿ ಶಿವಬಸವ್ವ ಬಂದ ದಿನದಿಂದಲೇ ಒಲೆಯ ಮುಂದೆ ಕೂತವಳು. ಅವಳು ರೊಟ್ಟಿ ಬಡಿಯುವ ಸಪ್ಪಳ ಓಣಿಯ ಕೊನೆಗೂ ಕೇಳುತ್ತಿತ್ತು. ಆ ಸಪ್ಪಳ ನಿಂತರೆ ಊಟ ಮುಗಿಯಿತೆಂದು ಮಂದಿ ತಿಳಿಯುತ್ತಿದ್ದರು. ಕೆಲವು ವರ್ಷಗಳ ನಂತರ ಹೊಳಬಸಪ್ಪನ ಕೈಹಿಡಿದು ಇಂದ್ರವ್ವ ಬಂದಳು. ತೆಳ್ಳಗೆ, ನಗುಮುಖದ ಹುಡುಗಿ. ಅಕ್ಕಾ ಅಕ್ಕಾ ಎಂದು ಬೆನ್ನು ಹತ್ತಿ ತಿರುಗುತ್ತಿದ್ದಳು. ಬಂದ ವರ್ಷವೇ ಅವಳ ಎಣ್ಣೆಗಾಯಿ ಊರಲ್ಲಿ ಹೆಸರಾಯಿತು. "ಇವತ್ತ ಬದನಿಕಾಯಿ ಸಣ್ಣಾಕಿ ಮಾಡ್ಯಾಳೋ, ದೊಡ್ಡಾಕಿ ಮಾಡ್ಯಾಳೋ?" ಎಂದು ಗಿರಾಕಿಗಳು ಕೂರುವ ಮೊದಲೇ ಕೇಳುತ್ತಿದ್ದರು. ರೊಟ್ಟಿ ಯಾರು ಬಡಿದದ್ದೆಂದು ಯಾರೂ ಕೇಳುತ್ತಿರಲಿಲ್ಲ. ಸಾವಿತ್ರೆವ್ವನೂ ನೀರು ಬೇಕಾದರೆ ಇಂದ್ರಾ ಎನ್ನುತ್ತಿದ್ದಳು, ಕಾಲು ನೋಯುತ್ತಿದ್ದರೆ ಇಂದ್ರಾ ಎನ್ನುತ್ತಿದ್ದಳು. ಒಲೆಗೆ ಕಟ್ಟಿಗೆ ಸಾಲದಿದ್ದರೆ ಮಾತ್ರ ಶಿವಬಸೂ ಎನ್ನುತ್ತಿದ್ದಳು.

ಇಂದ್ರವ್ವನಿಗೆ ಒಂದೇ ಕೊರತೆ. ಬಸಿರು ನಿಲ್ಲುತ್ತಿತ್ತು, ಇಳಿದುಹೋಗುತ್ತಿತ್ತು. ಎರಡು ಸಲವೂ ಬಾಗಿಲು ಮುಚ್ಚಿ ಅವಳ ನೆತ್ತಿಗೆ ಎಣ್ಣೆ ಒತ್ತಿ, ತೊಡೆಯ ಮೇಲೆ ಮಲಗಿಸಿಕೊಂಡವಳು ಶಿವಬಸವ್ವನೇ. ಅದೂ ಸುಳ್ಳಲ್ಲ.

"ಅಮೀನಗಡ, ಅಮೀನಗಡ! ಇಳಿಯೂವರು ಇಳೀರಿ!"

ಬಸ್ಸು ನಿಂತಿತು. ಕಿಟಕಿಗಳ ಕೆಳಗೆ ಕರದಂಟಿನ ಬುಟ್ಟಿಗಳು ಓಡಾಡಿದವು.

"ಶಿವಬಸೂ, ಕರದಂಟ ತಗೋ," ಅಂದಳು ಸಾವಿತ್ರೆವ್ವ.

"ಹಲ್ಲೆಲ್ಲಿ ಅದಾವ್ರಿ ಅತ್ತ್ಯಾರ?"

"ಹಲ್ಲ ಇಲ್ಲಂದ್ರ ನಾಲಿಗಿ ಇಲ್ಲೇನು? ಬಾಯಾಗ ಇಟಗೊಂಡ ಚೀಪತೇನಿ. ಇಂದ್ರಾಗೂ ಒಂದಿಷ್ಟ ತಗೋ. ಪಾಪ, ಅಕೀಗೆ ಭಾಳ ಸೇರತಿತ್ತು."

ಶಿವಬಸವ್ವ ಒಂದು ಕೈಯಲ್ಲಿ ಕುಡಿಕೆ ಹಿಡಿದೇ ಇನ್ನೊಂದು ಕೈಯಿಂದ ಪೊಟ್ಟಣ ಇಸಿದುಕೊಂಡಳು. ಅದನ್ನು ಅತ್ತೆಯ ಕೈಗಿಟ್ಟು ಮತ್ತೆ ಕುಡಿಕೆ ಮುಟ್ಟಿ ನೋಡಿದಳು.

ಇಂದ್ರವ್ವ ಬಾಗಲಕೋಟೆ ಬಿಟ್ಟದ್ದು ಎಮರ್ಜೆನ್ಸಿಯ ಹಿಂದಿನ ವರ್ಷ. ಇಳಕಲ್ಲಿನಲ್ಲಿ ಸೀರೆ ವ್ಯಾಪಾರಕ್ಕೆ ಬರುವ ಮಂದಿ ಹೆಚ್ಚು, ಅಲ್ಲೊಂದು ಖಾನಾವಳಿ ಹಾಕುತ್ತೇನೆ ಎಂದು ಹೊಳಬಸಪ್ಪ ಎದ್ದುನಿಂತ. ಶಿವಬಸವ್ವನಿಗೆ ಒಳಗೊಳಗೇ ಹಗುರಾಯಿತು. ಇನ್ನು ಈ ಒಲೆ, ಈ ಪಡಸಾಲೆ, ಅತ್ತೆಯ ಬಾಯಿ ಎಲ್ಲ ತನ್ನ ಕಡೆಗೆ ತಿರುಗುತ್ತವೆ ಅಂದುಕೊಂಡಳು. ಆದರೆ ಅತ್ತೆ ಒಂದು ದಿನ ಎಲೆಯಡಿಕೆ ಹಾಕಿಕೊಳ್ಳುತ್ತ, ಹೊರಗಿನ ಮಾತು ಆಡಿದ ಹಾಗೆ, "ನಾನೂ ಇಂದ್ರಾನ ಜೋಡಿ ಹೋಗ್ತೇನಿ. ಇಲ್ಲಿ ನೀ ಇದ್ದೀಯಲ್ಲ, ನಡಸ್ತಿ" ಅಂದಳು. ಅಲ್ಲಿನ ಫಲಕಕ್ಕೂ ಸಾವಿತ್ರೆವ್ವನದೇ ಹೆಸರು ಬರೆಸಲು ಹೊಳಬಸಪ್ಪ ಹೇಳಿ ಬಂದಿದ್ದ. ಇಷ್ಟು ವರ್ಷ ಹೊಗೆ ಕುಡಿದವಳಿಗೆ ಉಳಿದದ್ದು ಹೊಗೆಯೇ ಅನ್ನಿಸಿತು ಶಿವಬಸವ್ವನಿಗೆ.

ಹೊರಡುವ ದಿನ ಇಂದ್ರವ್ವ ಕಟ್ಟಳೆಯ ಪ್ರಕಾರ ಕುಂಕುಮ ಹಚ್ಚಿ, ಬಗ್ಗಿ ಪಾದ ಮುಟ್ಟಿ ಕೇಳಿದಳು: "ಅಕ್ಕಾ, ಮನೀ ಹೆಪ್ಪು ಕೊಡು. ನಿನ್ನ ಕೈಲೆ ಕೊಡು."

ನೆಲುವಿನಿಂದ ಮೊಸರಿನ ಗಡಿಗೆ ಇಳಿಸಿ, ಕುಡಿಕೆಗೆ ತೆಗೆದು, ಒಲೆಕಟ್ಟೆಯ ಮೇಲೆ ಇಟ್ಟಳು ಶಿವಬಸವ್ವ. ಕೈತುಂಬ ಹಿಟ್ಟಾಗಿತ್ತು, ಮುಂದೆ ಗಿರಾಕಿಗಳು ಕೂತಿದ್ದರು. ಇಟ್ಟ ಜಾಗದ ಕೆಳಗೆ ಕೆಂಡ ಎಳೆದ ಬಿಸಿಬೂದಿ ಇತ್ತು. ಇಡುವಾಗ ಗೊತ್ತಿರಲಿಲ್ಲ. ಅಷ್ಟರಮಟ್ಟಿಗೆ ಅವಳು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲಳು. ಆದರೆ ರೊಟ್ಟಿ ಬಡಿಯುತ್ತ ಕೂತಾಗ ಕಣ್ಣಿಗೆ ಬಿತ್ತು. ಒದ್ದೆ ಕುಡಿಕೆಯ ಹೊರಮೈಯ ಪಸೆ ತಳದಿಂದ ಆರುತ್ತ ಆರುತ್ತ ಮೇಲೇರುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಈ ರೊಟ್ಟಿ ಆಗಲಿ, ತೆಗೆಯುತ್ತೇನೆ ಅಂದುಕೊಂಡಳು. ಆ ರೊಟ್ಟಿ ಆಯಿತು. ಇನ್ನೊಂದು ಮುದ್ದೆ ತಗೊಂಡಳು. ಪಸೆಯ ಗೆರೆ ಕುಡಿಕೆಯ ಕುತ್ತಿಗೆ ಮುಟ್ಟಿ ಇಲ್ಲವಾಯಿತು. ಶಿವಬಸವ್ವ ಆ ಹೊತ್ತಿನಷ್ಟು ಜೋರಾಗಿ ಎಂದೂ ರೊಟ್ಟಿ ಬಡಿದಿರಲಿಲ್ಲ.

ಆಮೇಲೆ ಕುಡಿಕೆಯನ್ನು ಸೆರಗಿನಿಂದ ಹಿಡಿದು ಇಳಿಸಿದಳು. ಹೆಪ್ಪು ಒಡೆದು ನೀರು ಬಿಟ್ಟಿತ್ತು. ಸೌಟಿನಿಂದ ಕದಡಿ, ಬಾಯಿಗೆ ಬಟ್ಟೆ ಕಟ್ಟಿ, ಇಂದ್ರವ್ವನ ಉಡಿಯಲ್ಲಿ ಇಟ್ಟಳು. "ಹುಷಾರಿ ತಂಗಿ," ಅಂದಳು. ಅಂದದ್ದನ್ನು ತಾನೇ ಕೇಳಿಸಿಕೊಂಡಳು.

ಇಳಕಲ್ಲಿನಲ್ಲಿ ಆ ರಾತ್ರಿ ದೊಡ್ಡ ಗಡಿಗೆಗಳಲ್ಲಿ ಹಾಲಿಗೆ ಹೆಪ್ಪು ಹಾಕಿದವಳು ಇಂದ್ರವ್ವ. ಬೆಳಿಗ್ಗೆ ಮಠದ ಅಯ್ಯನವರನ್ನು, ಊರಿನ ಹಿರಿಯರನ್ನು ಪಂಕ್ತಿಗೆ ಕೂರಿಸಿ ಗಡಿಗೆಯ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು, ಬರೀ ವಾಸನೆ ಬೇರೆ. ಮೊದಲ ಪಂಕ್ತಿ ಮೊಸರಿಲ್ಲದೆ ಎದ್ದಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡುಗೆಮನೆಯಲ್ಲಿ, ಹತ್ತು ಹೆಂಗಸರ ನಡುವೆ, ಸಾವಿತ್ರೆವ್ವ ಅಂದಳು: "ಉಡ್ಯಾಗ ಇಟಗೊಂಡ ಬಂದಿದ್ದೇನು? ಇಕಿ ಉಡ್ಯಾಗ ಇಟ್ಟದ್ದು ಯಾವುದು ಉಳದೈತಿ, ಇದು ಉಳ್ಯಾಕ?"

ಪಂಕ್ತಿಗೆ ರೊಟ್ಟಿ ಬಡಿಯಲು ಬಂದಿದ್ದ ಶಿವಬಸವ್ವ ಅಲ್ಲೇ ಇದ್ದಳು. ಹಿಟ್ಟಿನ ಮುಂದೆ ಕೂತಿದ್ದಳು. ಆಗ ಒಂದು ಮಾತು ಸಾಕಿತ್ತು. ಇಂದ್ರವ್ವ ಗೋಡೆ ಹಿಡಿದು ನಿಂತದ್ದನ್ನು ನೋಡಿದಳು, ಆಮೇಲೆ ಹಿಟ್ಟು ನೋಡಿದಳು. ಆ ಶಕುನಕ್ಕೆ ಹೆದರಿ ಸಾವಿತ್ರೆವ್ವ ಇಳಕಲ್ಲಿನಲ್ಲಿ ನಿಲ್ಲಲಿಲ್ಲ. ಹಿರಿಯ ಸೊಸೆಯ ಜೊತೆಗೇ ಬಾಗಲಕೋಟೆಗೆ ತಿರುಗಿ ಬಂದಳು. ಶಿವಬಸವ್ವ ಬಯಸಿದ್ದೆಲ್ಲ ಸಿಕ್ಕಿತು. ಅತ್ತೆ ಈಗ ನೀರಿಗೂ ಶಿವಬಸೂ ಎನ್ನುತ್ತಿದ್ದಳು.

ಹುನಗುಂದ ದಾಟಿ ಬಸ್ಸು ಇಳಕಲ್ಲು ಮುಟ್ಟಿದಾಗ ಹೊಳಬಸಪ್ಪ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು.

"ಬರ್ರಿ ವೈನಿ. ಯವ್ವಾ, ಹಾದ್ಯಾಗ ಕಂಡಕ್ಟರನ ಜೋಡಿ ಜಗಳಾ ತಗೀಲಿಲ್ಲಲ್ಲ?"

"ಅವನs ತಗದ. ನಾ ಗೆದ್ದೆ," ಅಂದಳು ಸಾವಿತ್ರೆವ್ವ.

ಹೊಸ ಪಡಸಾಲೆಗೆ ಊರಿನದೇ ಕೆಂಪು ಕಲ್ಲು ಹಾಸಿದ್ದರು. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಇಂದ್ರವ್ವ ಒಳಗಿನಿಂದ ಬಂದು ಇಬ್ಬರ ಕಾಲಿಗೂ ನೀರು ಕೊಟ್ಟಳು. ನಗು ಅದೇ ಇತ್ತು, ಆದರೆ ಮುಖದ ಮೇಲೆ ಬಂದು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. "ಆರಾಮ ಅದೀರೇನ್ರಿ ಅಕ್ಕಾರ?" ಎಂದಳು. ಒಂದೇ ಮನೆಯಲ್ಲಿದ್ದಾಗ ನೀ ಎನ್ನುತ್ತಿದ್ದವಳು. ಕುಡಿಕೆಯ ಮೇಲೆ ಕಣ್ಣು ಬಿತ್ತು.

"ಇದೇನ್ರಿ?"

"ಹೆಪ್ಪು."

"ನಾ ಕೇಳಿರಲಿಲ್ಲಲ್ಲರಿ," ಎಂದಳು ಇಂದ್ರವ್ವ. ಸಿಟ್ಟಿನಿಂದಲ್ಲ. ಕುಡಿಕೆಯನ್ನು ಇಸಿದುಕೊಳ್ಳಲು ಕೈ ಮುಂದೆ ಬರಲೂ ಇಲ್ಲ. ಶಿವಬಸವ್ವ ತಾನೇ ಅದನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟಳು.

ಊಟಕ್ಕೆ ಮೊಸರು ಬಂತು. ಗಟ್ಟಿಯಾಗಿ, ಮೇಲೆ ಕೆನೆಗಟ್ಟಿದ್ದ ಮೊಸರು. ಸಾವಿತ್ರೆವ್ವ ಬೆರಳಲ್ಲಿ ಎತ್ತಿ ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದಳು. "ಹಾಂ! ಎಲ್ಲಿ ಇಟ್ಟರೂ ನಮ್ಮ ಶಿರೂರ ಹೆಪ್ಪಿನ ರುಚೀನ ಬ್ಯಾರೆ. ನೋಡ ಶಿವಬಸೂ, ತಪ್ಪಿಲ್ಲ."

ಹೊಳಬಸಪ್ಪ ಹೆಂಡತಿಯ ಕಡೆ ನೋಡಿದ. "ಉಣ್ರಿ ಅತ್ತ್ಯಾರ, ಇನ್ನಷ್ಟ ಹಾಕತೇನಿ," ಎಂದಳು ಇಂದ್ರವ್ವ. ಹಾಕಿದವನು ಹೊಳಬಸಪ್ಪ.

ಆ ಮೊಸರು ಎಲ್ಲಿಂದ ಬರುತ್ತದೆಂದು ಶಿವಬಸವ್ವನಿಗೆ ಸಂಜೆಗೆ ಗೊತ್ತಾಯಿತು. ಹಿತ್ತಲ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತು, "ಇಂದ್ರವ್ವಾ, ನಾಳಿಗೆ ಎಷ್ಟ ಗಡಿಗಿ ಹೆಪ್ಪ ಹಾಕಲಿ ಹೇಳವ್ವಾ, ಎಮ್ಮಿ ಹಿಂಡೂ ಹೊತ್ತಾತು" ಎಂದಳು. ಹಿಂದಿನ ಮನೆಯ ಜಾಫರಸಾಬನ ಹೆಂಡತಿ ಅಲೀಮಾ. ನಾಲ್ಕು ಎಮ್ಮೆ ಕಟ್ಟಿದವಳು. ಇಂದ್ರವ್ವ ಪೇಟೆಗೆ ಬದನೆಕಾಯಿ ಆರಿಸಲು ಹೋಗಿದ್ದಳು. ಅಲೀಮಾ ಕಟ್ಟೆಯ ಮೇಲೆ ಕೂತಳು. ಮಾತಿಗೆ ಅವಳಿಗೆ ಪರಿಚಯ ಬೇಕಾಗಿರಲಿಲ್ಲ.

"ನೀವs ಏನ್ರಿ ದೊಡ್ಡ ಅಕ್ಕಾರು? ಬರ್ರಿ, ಕುಂದರ್ರಿ. ನಿಮ್ಮ ತಂಗೀಗೆ ಒಂದೀಟ ಬುದ್ಧಿ ಹೇಳ್ರಿ. ಇಷ್ಟ ದೊಡ್ಡ ಖಾನಾವಳಿ ನಡಸ್ತಾಳ, ಹಾಲಿನ ಗಡಿಗೀಗೆ ಕೈ ಹಚ್ಚಂಗಿಲ್ಲ. ಹಾಲ ತಂದ್ರ, ನೆಲದ ಮ್ಯಾಲ ಇಡು ಅಲೀಮಾ ಅಂತಾಳ. ಮಸರ ನಮ್ಮ ಮನೀದs. ಮದಲ ದಿನಾನೂ ನಾನs ಕೊಟ್ಟೇನಿ, ಎಲ್ಲಾರೂ ಉಂಡ ಎದ್ದ ಮ್ಯಾಲ. ಪಾಪ, ಅಳಕೋತ ಕುಂತಿದ್ಲು."

"ಹಾಲಿಗೆ ಅಷ್ಟs ಕೈ ಹಚ್ಚಂಗಿಲ್ಲೇನು..." ಅಂದಳು ಶಿವಬಸವ್ವ.

"ಹಾಲು ಅಷ್ಟ ಆಗಿದ್ರ ಬಿಡ್ರಿ. ಹೋದ ವರ್ಷ ನನ್ನ ಮೊಮ್ಮಗಳಿಗೆ ನಲವತ್ತ ದಿನ ತುಂಬಿದ ಮ್ಯಾಲ ತಂದು ಇಕಿ ಉಡ್ಯಾಗ ಹಾಕಾಕ ಹ್ವಾದ್ರ, ಸಟಕ್ಕನ ಎದ್ದ ನಿಂತ್ಲು! ದೂರಿಂದs ನೋಡ್ತೇನಿ, ಉಡ್ಯಾಗ ಬ್ಯಾಡ ಅಂದ್ಲು. ಓಣ್ಯಾಗಿನ ಒಂದ ಕೂಸನ್ನರ ಎತ್ತಿಕೊಂಡಾಳೇನ ಕೇಳ್ರಿ. ತನಗ ಆಗಲಿಲ್ಲ, ಖರೆ. ಮಂದೀವು ಕೂಸುಗಳು ಏನ ಪಾಪ ಮಾಡ್ಯಾವು?"

ಅಲೀಮಾ ಎದ್ದು ಹೋದ ಮೇಲೂ ಶಿವಬಸವ್ವ ಕಟ್ಟೆ ಬಿಟ್ಟು ಏಳಲಿಲ್ಲ. ಇಷ್ಟು ವರ್ಷ ಒಂದು ಹೊತ್ತಿನ ಮೊಸರು ಕೆಡಿಸಿದೆ, ಒಂದು ಪಂಕ್ತಿಯ ಮಾನ ಕಳೆದೆ ಎಂದಷ್ಟೇ ಅವಳು ಲೆಕ್ಕ ಹಿಡಿದಿದ್ದಳು. ಆ ಭಾರಕ್ಕೆ ಸರಿಯಾಗುವಷ್ಟು ಹೆಪ್ಪು ಕುಡಿಕೆಯಲ್ಲಿ ತಂದಿದ್ದಳು. ಹಿತ್ತಲಲ್ಲಿ ಎಮ್ಮೆಯ ಕರುವೊಂದು ಗೂಟ ಸುತ್ತುತ್ತ ಹಗ್ಗ ಗಿಡ್ಡ ಮಾಡಿಕೊಳ್ಳುತ್ತಿತ್ತು.

ದೀಪ ಹಚ್ಚುವ ಮುಂಚೆ ಇಂದ್ರವ್ವ ಬದನೆಕಾಯಿಯ ಬುಟ್ಟಿ ಮುಂದಿಟ್ಟುಕೊಂಡು ಈಳಿಗೆಯ ಮಣೆಯ ಮೇಲೆ ಕೂತಿದ್ದಳು. ತೊಟ್ಟು ಬಿಡದ ಹಾಗೆ ನಾಲ್ಕು ಸೀಳಿ ಉಪ್ಪುನೀರಿಗೆ ಹಾಕುತ್ತಿದ್ದಳು. ಶಿವಬಸವ್ವ ಎದುರು ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು. ಒಂದು ಗಡ್ಡೆ ಮುಗಿಯಿತು.

"ಇಂದ್ರಾ, ಅವತ್ತಿನ ಹೆಪ್ಪು ಸತ್ತಿತ್ತು."

ಇಂದ್ರವ್ವ ಯಾವತ್ತಿನದು ಎಂದು ಕೇಳಲಿಲ್ಲ. ಕೈ ನಿಂತಿತು.

"ನಾ ಕೊಡೂ ಮುಂದs ಸತ್ತಿತ್ತು. ನಿನ್ನ ಉಡ್ಯಾಗ ಏನೂ ಆಗಿಲ್ಲ. ಒಲಿಕಟ್ಟಿ ಮ್ಯಾಲ ಇಟ್ಟಿದ್ದೆ. ಕೆಳಗ ಕೆಂಡದ ಬೂದಿ ಇತ್ತು."

ಹೊರಗೆ ಹೊಳಬಸಪ್ಪ ಯಾರಿಗೋ ಬೆಂಚು ಈ ಕಡೆ ಎಳಿ ಎಂದು ಕೂಗುತ್ತಿದ್ದ. ಇಂದ್ರವ್ವ ತಲೆ ಎತ್ತಿದಳು.

"ಇಟ್ಟು ಮರತಿದ್ರೇನು?"

ಆ ದನಿಯಲ್ಲಿ ಒಂದು ಬಾಗಿಲು ತೆರೆದಿತ್ತು. ಹೂಂ ಅಂದರೆ ಮುಗಿಯುತ್ತಿತ್ತು. ಕೈತುಂಬ ಕೆಲಸ, ಮುಂದೆ ಗಿರಾಕಿ, ಯಾರು ಬೇಕಾದರೂ ಮರೆಯಬಹುದಾದದ್ದು. ಹೂಂ ಎನ್ನಲೆಂದೇ ಇಂದ್ರವ್ವ ಕೇಳಿದ ಹಾಗಿತ್ತು. ಶಿವಬಸವ್ವನ ಬಾಯಿ ಆ ಅಕ್ಷರಕ್ಕೆ ತೆರೆಯಿತು ಕೂಡ.

"ಇಲ್ಲ," ಎಂದಳು. "ನೋಡಕೋತ ಕುಂತಿದ್ದೆ. ಕೈ ಚಾಚಲಿಲ್ಲ."

ಇಂದ್ರವ್ವ ಬದನೆಕಾಯಿಯನ್ನು ಈಳಿಗೆಗೆ ಒತ್ತಿದಳು. ತೊಟ್ಟಿನವರೆಗೂ ಹೋಗಿ ಅದು ಎರಡು ಹೋಳಾಗಿ ಬಿತ್ತು. ಅವಳ ಕೈಯಲ್ಲಿ ಹಾಗೆ ಆದದ್ದನ್ನು ಶಿವಬಸವ್ವ ಎಂದೂ ನೋಡಿರಲಿಲ್ಲ. ಇಂದ್ರವ್ವ ಆ ಹೋಳುಗಳನ್ನು ಪಕ್ಕಕ್ಕೆ ಇಟ್ಟಳು.

"ಬಸ್ಸಿನ್ಯಾಗ ಬೆಚ್ಚಗ ಹತ್ತತಿತ್ತು," ಎಂದಳು. ತನಗೆ ತಾನೇ ಹೇಳಿಕೊಂಡ ಹಾಗೆ. "ಶಿರೂರ ದಾಟಿದ್ರೂ ಬೆಚ್ಚಗ ಇತ್ತು. ಕುಡಿಕೀದು ಅಂತ ತಿಳೀಲಿಲ್ಲ ನನಗ. ನನ್ನ ಮೈದs ಕಾವು ಅಂದಕೊಂಡೆ. ಒಳಗ ಇದ್ದದ್ದನ್ನ ಸುಟ್ಟಂಗ ಹೊರಗಿಂದೂ ಸುಡತೈತಿ ಅಂದಕೊಂಡೆ. ಅತ್ತ್ಯಾರು ಅಂದಾಗ, ಹೌದಲ್ಲ, ಇವರಿಗೂ ತಿಳೀತಲ್ಲ ಅನಿಸ್ತು."

ಶಿವಬಸವ್ವ ಅವಳ ಮೊಣಕಾಲ ಮೇಲೆ ಕೈ ಇಡಲು ಹೋದಳು. ಇಂದ್ರವ್ವ ಮೊಣಕಾಲು ಸರಿಸಲಿಲ್ಲ. ಈಳಿಗೆ ಮಣೆಯನ್ನು ಸ್ವಲ್ಪ ಆಚೆ ಎಳೆದುಕೊಂಡಳು.

"ನನಗ ಹೇಳಿದ್ರ ಏನಾತರಿ ಅಕ್ಕಾರ? ಮಾತ ಆಡಿದಾಕಿ ನಾ ಅಲ್ಲ. ಆಡಿದವರಿಗೆ ಹೇಳ್ರಿ."

ಸಾವಿತ್ರೆವ್ವ ಹಿತ್ತಲಿನ ಹೊರಸಿನ ಮೇಲೆ ಕರದಂಟು ಚೀಪುತ್ತ ಮಲಗಿದ್ದಳು. ಶಿವಬಸವ್ವ ಕಾಲ ಬಳಿ ಕೂತು ಎಲ್ಲ ಹೇಳಿದಳು: ಒಲೆಕಟ್ಟೆ, ಬೂದಿ, ಕುಡಿಕೆ. ಮುದುಕಿ ಕೇಳಿಸಿಕೊಂಡಳು. ಬಾಯಿಯ ಬೆಲ್ಲ ಕರಗಿಸಿ ನುಂಗಿದಳು.

"ಹೆಪ್ಪು ಹತ್ತಲಿಲ್ಲಂದ್ರ ಬಾಜೂ ಮನ್ಯಾಗ ಇಸಗೊಂಡು ಮತ್ತ ಹಾಕಬೇಕವ್ವಾ. ಅದಕ್ಯಾಕ ಇಷ್ಟ ಮರಗತಿ?"

"ನೆನಪಿಲ್ಲೇನ್ರಿ ಅತ್ತ್ಯಾರ, ಇಲ್ಲಿ ಮದಲನೇ ಪಂಕ್ತಿಗೆ ಮಸರ ಆಗಲಿಲ್ಲ? ನೀವು ಅವತ್ತ ಒಂದ ಮಾತ ಅಂದ್ರಿ."

"ನಾ ಏನ ಅಂದೆ?"

ಹಿತ್ತಲ ಬಾಗಿಲಲ್ಲಿ ಇಂದ್ರವ್ವ ಬಂದು ನಿಂತದ್ದು ಶಿವಬಸವ್ವನಿಗೆ ಬೆನ್ನಿನಿಂದಲೇ ಗೊತ್ತಾಯಿತು. ಆ ಮಾತನ್ನು ಈಗ ತಾನೇ ಆಡಬೇಕಾಗಿತ್ತು. ಇಷ್ಟು ದಿನ ಬೇರೆಯವರ ಬಾಯಿಯದೆಂದು ಇಟ್ಟುಕೊಂಡಿದ್ದ ಮಾತು ತನ್ನ ನಾಲಿಗೆಯ ಮೇಲೆ ಬಂದಾಗ ಅದು ಹೊಸದಾಗಿ, ಬಿಸಿಯಾಗಿ ಇತ್ತು. "ಇಕಿ ಉಡ್ಯಾಗ ಇಟ್ಟದ್ದು ಯಾವುದು ಉಳದೈತಿ, ಇದು ಉಳ್ಯಾಕ... ಅಂದ್ರಿ."

ಸಾವಿತ್ರೆವ್ವ ಎದ್ದು ಕೂತಳು. "ಛೇ, ಛೇ, ಛೇ! ನಾ ಅಂದೇನೇನು? ಮನೀ ಸೊಸೀಗೆ ಅಂಥಾ ಮಾತ? ನನ್ನ ಬಾಯಾಗ ಬರಂಗಿಲ್ಲ ಅದು. ಎಲ್ಲೋ ಕನಸ ಕಂಡೀ ನೀ. ಇಂದ್ರಾನ ಅಂದ್ರ ನನಗ ಜೀಂವ, ಕೇಳ ಬೇಕಾದ್ರ ಅಕೀನ್ನ." ಅವಳ ಕಣ್ಣಲ್ಲಿ ಕಳ್ಳತನ ಒಂದಿಷ್ಟೂ ಇರಲಿಲ್ಲ. ನಿಜವಾಗಿಯೂ ಅವಳಿಗೆ ನೆನಪಿರಲಿಲ್ಲ.

ಶಿವಬಸವ್ವ ತಿರುಗಿ ನೋಡಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಈಳಿಗೆಯ ಸಪ್ಪಳ ಮತ್ತೆ ಶುರುವಾಗಿತ್ತು.

ಮಾರನೆಯ ದಿನದ ಪಂಕ್ತಿ ಚೆನ್ನಾಗಿಯೇ ಎದ್ದಿತು. ಅಯ್ಯನವರು ಅಲೀಮಾನ ಮೊಸರನ್ನು ಎರಡು ಸಲ ಹಾಕಿಸಿಕೊಂಡು, "ಮಸರ ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ಹರಸಿದರು. ಸಾವಿತ್ರೆವ್ವ ನಡುಮನೆಯಲ್ಲಿ ಕೂತು, ಶಿರೂರಿನಿಂದ ಉಡಿಯಲ್ಲಿ ಹೆಪ್ಪು ತಂದ ಕತೆಯನ್ನು ಬಂದವರಿಗೆಲ್ಲ ಹೇಳಿದಳು. ಶಿವಬಸವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಬಾ ಎಂದು ಯಾರೂ ಕರೆದಿರಲಿಲ್ಲ, ಏಳು ಎಂದೂ ಅನ್ನಲಿಲ್ಲ. ಇಂದ್ರವ್ವ ಬಂದು ಬೆಂದ ರೊಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು, ಮತ್ತೆ ಬರುತ್ತಿದ್ದಳು. ಉಪ್ಪು, ನೀರು, ಬೆಂಕಿ ಇವುಗಳ ಹೊರತು ಅವರ ನಡುವೆ ಮಾತು ನಡೆಯಲಿಲ್ಲ. ಮಾಡದಲ್ಲಿದ್ದ ಕುಡಿಕೆಯ ಬಟ್ಟೆ ಬಿಚ್ಚದೆ ಹಾಗೇ ಇತ್ತು. ನೀರು ಚಿಮುಕಿಸುವವರಿಲ್ಲದೆ ಒಣಗಿತ್ತು.

ಮರುದಿನ ಬೆಳಗಿನ ಬಸ್ಸಿಗೆ ಹೊರಟರು. ಹೊಳಬಸಪ್ಪ ತಾಯಿಯ ಕೈಹಿಡಿದು ಮುಂದೆ ನಡೆದ. ಶಿವಬಸವ್ವ ಮಾಡದ ಕಡೆ ನೋಡಿದಳು. ಕುಡಿಕೆ ಅಲ್ಲಿ ಇರಲಿಲ್ಲ. ಎತ್ತಿ ಹೊರಗೆ ಚೆಲ್ಲಿರಬೇಕು ಅಂದುಕೊಂಡಳು. ಚೆಲ್ಲಲಿ, ಅದು ಅವಳ ಹಕ್ಕು ಅಂದುಕೊಂಡಳು. ಆದರೂ ಹೊಸ್ತಿಲು ದಾಟಲು ಕಾಲು ಬರಲಿಲ್ಲ.

"ನಿಂದರ್ರಿ. ಮುತ್ತೈದಿನ್ನ ಹಂಗs ಕಳಸಬಾರದು," ಎಂದಳು ಇಂದ್ರವ್ವ ಹಿಂದಿನಿಂದ.

ಕುಂಕುಮ ಹಚ್ಚಿ, ಸೆರಗು ಹಿಡಿಯಲು ಹೇಳಿ, ಉಡಿಗೆ ಜೋಳ ಹಾಕಿದಳು. ಆಮೇಲೆ ಒಳಗೆ ಹೋಗಿ ಕುಡಿಕೆ ತಂದು, ಆ ಜೋಳದ ಮೇಲೆ ಅಲುಗಾಡದ ಹಾಗೆ ಊರಿ ಇಟ್ಟಳು. ಬಾಯಿಗೆ ಹೊಸ ಬಟ್ಟೆ ಕಟ್ಟಿತ್ತು. ಭಾರವಾಗಿತ್ತು.

"ಅಲೀಮಾನ ಎಮ್ಮಿ ಹಾಲು. ನೀವು ತಂದ ಹೆಪ್ಪು," ಎಂದಳು. ಕೈ ಇನ್ನೂ ಕುಡಿಕೆಯ ಮೇಲೇ ಇತ್ತು, ಬೆರಳ ತುದಿಯಲ್ಲಿ ಹಾಲಿನ ಪಸೆ ಇತ್ತು. "ಈಗs ಹಾಕೇನಿ. ನಾನs ಹಾಕೇನಿ. ಉಡ್ಯಾಗ ಇಟಗೊಂಡ ಹೋಗ್ರಿ. ಊರ ಮುಟ್ಟೂಮಟಾ ಬಿಚ್ಚಬ್ಯಾಡ್ರಿ."

ಶಿವಬಸವ್ವ ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ಇಂದ್ರವ್ವ ಒಳಗೆ ಹೋಗಿ ಬೆಂಚು ಒರೆಸತೊಡಗಿದ್ದಳು.

ಬಸ್ಸು ತುಂಬಿತ್ತು. ಹುನಗುಂದದಲ್ಲಿ ಇನ್ನಷ್ಟು ಮಂದಿ ಹತ್ತಿದರು. ಒಬ್ಬಳು ಕೂಸು ಎತ್ತಿಕೊಂಡು ಪಕ್ಕದಲ್ಲೇ ನಿಂತಳು, ಕೂಸಿನ ಕಾಲು ಶಿವಬಸವ್ವನ ಭುಜಕ್ಕೆ ತಾಗುತ್ತಿತ್ತು. ರಸ್ತೆಯ ಪ್ರತಿ ತಗ್ಗಿಗೂ ಶಿವಬಸವ್ವ ಮೊಣಕಾಲು ಸ್ವಲ್ಪ ಎತ್ತಿ, ಉಡಿಯನ್ನು ಸಮ ಮಾಡಿಕೊಳ್ಳುತ್ತಿದ್ದಳು. ತೊಡೆ ಜೋಮು ಹಿಡಿದಿತ್ತು. ಕಿಟಕಿಯ ಬಿಸಿಲು ಸರಿದು ಉಡಿಯ ಮೇಲೆ ಬಂತು. ಸೆರಗಿನ ಚುಂಗು ಎಳೆದು ಮರೆ ಮಾಡಿದಳು.

ಅಮೀನಗಡದಲ್ಲಿ ಸಾವಿತ್ರೆವ್ವ ಎಚ್ಚರಾಗಿ ಈ ಕಡೆ ತಿರುಗಿದಳು. "ಏನ ಕಟ್ಟಿ ಕೊಟ್ಟಾಳ ಅದರಾಗ? ತುಪ್ಪೇನು? ಬಿಚ್ಚು, ನೋಡೂಣು."

"ಬ್ಯಾಡ್ರಿ ಅತ್ತ್ಯಾರ."

"ಏನೈತಿ ಹೇಳರ ಹೇಳು."

"ಇನ್ನೂ ತಿಳೀವಲ್ದರಿ."

ಮುದುಕಿ ಅರ್ಥವಾಗದೆ ಸೊಸೆಯ ಮುಖ ನೋಡಿದಳು, ಆಮೇಲೆ ಕಿಟಕಿಯ ಹೊರಗೆ ಕರದಂಟಿನವನನ್ನು ಕೂಗಿದಳು. ಬಸ್ಸು ಹೊರಟಿತು. ಶಿವಬಸವ್ವ ಎರಡೂ ಅಂಗೈಯಿಂದ ಕುಡಿಕೆಯ ಹೊಟ್ಟೆಯನ್ನು ಹಿಡಿದಳು. ಬೆಚ್ಚಗಿತ್ತು. ಕಾವು ಕುಡಿಕೆಯದೋ ತನ್ನ ಮೈಯದೋ ಗೊತ್ತಾಗಲಿಲ್ಲ. ಶಿರೂರಿನ ಗಿಡಗಳು ದೂರದಲ್ಲಿ ಕಾಣತೊಡಗಿದವು. ಅವಳು ಕೈ ತೆಗೆಯಲಿಲ್ಲ.